ಉಳಿಯೋ, ಸೋಲ್ಡರಿಂಗ್ ಐರನ್ನೋ, 3ಡಿ ಪ್ರಿಂಟರೋ: ಮೇಕರ್‌ಸ್ಪೇಸಿನಲ್ಲಿ ಯಾವ ಕ್ಲಾಸಿಗೆ ಸೇರಬೇಕು?

3 ಗಂಟೆಯ ಕ್ಲಾಸು, 12 ಜನ, ಒಂದೇ ಯಂತ್ರ. ಪರಿಚಯ, ಸುರಕ್ಷತೆಯ ಮಾತು, ಕಾಫಿ ಎಂದು 1 ಗಂಟೆ ಹೋಯಿತು ಎನ್ನಿ. ಉಳಿದ 120 ನಿಮಿಷವನ್ನು 12 ಜನ ಹಂಚಿಕೊಂಡರೆ ತಲೆಗೆ ಸಿಗುವುದು 10 ನಿಮಿಷ. ಅದೇ 3 ಗಂಟೆಯಲ್ಲಿ 6 ಜನ ಕೂತು, ಒಬ್ಬೊಬ್ಬರ ಮುಂದೆಯೂ ಒಂದೊಂದು ತವರ ಕರಗಿಸಿ ತಂತಿ ಬೆಸೆಯುವ ಸೋಲ್ಡರಿಂಗ್ ಐರನ್ ಇದ್ದರೆ ಪ್ರತಿಯೊಬ್ಬರಿಗೂ ಪೂರಾ 120 ನಿಮಿಷ. ಶುಲ್ಕ ಎರಡಕ್ಕೂ ಒಂದೇ ಇದ್ದೀತು. ಕೈಗೆ ಹತ್ತುವ ವಿದ್ಯೆ ಮಾತ್ರ ಒಂದೇ ಆಗಿರುವುದಿಲ್ಲ.

ಮೈಸೂರಾಗಲಿ ಮಂಡ್ಯವಾಗಲಿ, ಮೇಕರ್‌ಸ್ಪೇಸುಗಳ (ಯಂತ್ರ, ಉಪಕರಣ ಹಂಚಿಕೊಂಡು ಬಳಸುವ ಕಾರ್ಯಾಗಾರಗಳ) ಕ್ಲಾಸುಗಳ ಪಟ್ಟಿ ಹೆಚ್ಚೂಕಡಿಮೆ ಒಂದೇ ಥರ: 3ಡಿ ಪ್ರಿಂಟಿಂಗ್, ಲೇಸರ್ ಕಟಿಂಗ್, ಆರ್ಡುಯಿನೊ (ಪ್ರೋಗ್ರಾಂ ಬರೆದು ನಡೆಸುವ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡು), ಮರಗೆಲಸ, ಹೊಲಿಗೆ, ಕೆಲವೆಡೆ ವೆಲ್ಡಿಂಗ್. ಹೊಸಬರು ಸಾಮಾನ್ಯವಾಗಿ ಹೊಸ ಯಂತ್ರದ ಹೆಸರಿಗೆ ಮನಸೋತು ಸೇರುತ್ತಾರೆ. ಹಾಗೆ ಮಾಡುವ ಮೊದಲು ಎರಡು ಅಳತೆ ಹಿಡಿದು ನೋಡಿ. ಉಪಕರಣ ನಿಮ್ಮ ಕೈಯಲ್ಲಿ ಎಷ್ಟು ನಿಮಿಷ ಇರುತ್ತದೆ? ಕ್ಲಾಸು ಮುಗಿದ ಮೇಲೆ ಅದೇ ಉಪಕರಣ ಅಭ್ಯಾಸಕ್ಕೆ ಮತ್ತೆ ಸಿಗುತ್ತದೆಯೇ? ಕೆಳಗಿನ ಹೋಲಿಕೆಯೆಲ್ಲ ಈ ಎರಡರ ಮೇಲೆ ನಿಂತಿದೆ.

3ಡಿ ಪ್ರಿಂಟಿಂಗೋ, ಲೇಸರೋ

ಹೆಚ್ಚು ಜನ ಗೊಂದಲಕ್ಕೆ ಬೀಳುವುದು ಇಲ್ಲೇ. ಎರಡರಲ್ಲೂ ಕೆಲಸ ಮಾಡುವುದು ಯಂತ್ರ. ನಿಮ್ಮ ಕೆಲಸ ಕಂಪ್ಯೂಟರಿನಲ್ಲಿ. ಆದರೆ ಎರಡರ ವೇಗಕ್ಕೂ ಅಜಗಜಾಂತರ.

0.4 ಮಿ.ಮೀ. ನಾಝಲ್ (ಕರಗಿದ ಪ್ಲಾಸ್ಟಿಕ್ ಹೊರಬರುವ ಮೂತಿ), 0.2 ಮಿ.ಮೀ. ಪದರದಲ್ಲಿ 40 ಗ್ರಾಂ ತೂಗುವ ಒಂದು ಮೊಬೈಲ್ ಸ್ಟ್ಯಾಂಡ್ ಪ್ರಿಂಟ್ ಆಗಲು ಹಳೆಯ ಪ್ರಿಂಟರಿನಲ್ಲಿ ಸುಮಾರು 3 ಗಂಟೆ ಹಿಡಿಯುತ್ತದೆ. ಹೊಸ ವೇಗದ ಪ್ರಿಂಟರುಗಳಲ್ಲಿ ಅದರರ್ಧವಾದೀತು. ಆದ್ದರಿಂದ ‘ಎಲ್ಲರೂ ಒಂದೊಂದು ಪ್ರಿಂಟ್ ಮಾಡಿಕೊಂಡು ಮನೆಗೆ ಹೋಗಬಹುದು’ ಎಂದು 3 ಗಂಟೆಯ ಕ್ಲಾಸಿಗೆ ಜಾಹೀರಾತು ಇದ್ದರೆ, ಕೈಗೆ ಸಿಗುವುದು ಬೆರಳುದ್ದದ ಕೀಚೈನ್, ಅದೂ ಬೇರೆಯವರು ಮೊದಲೇ ಸಿದ್ಧಮಾಡಿಟ್ಟ ಫೈಲಿನಿಂದ. ಒಳ್ಳೆಯ ಕ್ಲಾಸಿನವರು ಪ್ರಿಂಟು ನಾಳೆ ಬಂದು ತೆಗೆದುಕೊಂಡು ಹೋಗಿ ಎನ್ನುತ್ತಾರೆ. ಇದ್ದ ಸಮಯದಲ್ಲಿ ನಿಮ್ಮ ಕೈಯಿಂದಲೇ ಫೈಲನ್ನು ಪದರಗಳಾಗಿ ಸೀಳಿಸುತ್ತಾರೆ, ಫಿಲಮೆಂಟ್ (ಪ್ಲಾಸ್ಟಿಕ್ ದಾರ) ಬದಲಾಯಿಸಲು, ಕಟ್ಟಿಕೊಂಡ ನಾಝಲ್ ಬಿಡಿಸಲು ಹಚ್ಚುತ್ತಾರೆ, ಮೊದಲ ಪದರ ಕೂರಿಸುವುದನ್ನು ಮೂರ್ನಾಲ್ಕು ಸಲ ಮಾಡಿಸುತ್ತಾರೆ.

ಆ ಮೊದಲ ಪದರದ ಮೇಲೆಯೇ ಎಲ್ಲವೂ ನಿಂತಿದೆ, ಆದ್ದರಿಂದ ಅದನ್ನು ಬಗ್ಗಿ ಹತ್ತಿರದಿಂದ ನೋಡಲು ಕಲಿಯಿರಿ. ನಾಝಲ್ ಪ್ರಿಂಟ್ ಕೂರುವ ತಟ್ಟೆಯಿಂದ ದೂರವಿದ್ದರೆ ಪ್ಲಾಸ್ಟಿಕ್ ಎಳೆ ಒತ್ತುಶಾವಿಗೆಯ ಹಾಗೆ ದುಂಡಗೆ ಬಿದ್ದಿರುತ್ತದೆ. ಉಗುರಿನಿಂದ ಎತ್ತಿದರೆ ಎದ್ದು ಬರುತ್ತದೆ. ತೀರಾ ಹತ್ತಿರವಿದ್ದರೆ ಎಳೆ ತೆಳ್ಳಗೆ ಪಾರದರ್ಶಕವಾಗಿ, ಅಂಚಿನಲ್ಲಿ ಏಣು ಎದ್ದು, ಫಿಲಮೆಂಟ್ ತಳ್ಳುವ ಮೋಟಾರು ‘ಟಕ್ ಟಕ್’ ಎನ್ನುತ್ತದೆ. ಸರಿಯಿದ್ದಾಗ ಎಳೆಗಳು ಚಪ್ಪಟೆಯಾಗಿ ಪಕ್ಕಪಕ್ಕ ಒಂದಕ್ಕೊಂದು ಬೆಸೆದು, ಬೆರಳು ಸವರಿದರೆ ಒಂದೇ ಹಾಳೆಯಂತೆ ಹತ್ತುತ್ತವೆ. ಎಷ್ಟೋ ಸಲ ದೋಷ ಯಂತ್ರದ್ದೇ ಅಲ್ಲ, ತಟ್ಟೆಯ ಮೇಲಿನ ಬೆರಳಿನ ಜಿಡ್ಡಿನದು. ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿದರೆ ಅರ್ಧ ತೊಂದರೆ ಅಲ್ಲಿಗೇ ಮುಗಿಯುತ್ತದೆ.

ಕ್ಲಾಸಿನಲ್ಲಿ ಯಾವ ಪ್ಲಾಸ್ಟಿಕ್ ಬಳಸುತ್ತಾರೆಂದು ಕೇಳಿ. ಬಹುಪಾಲು ಪಿಎಲ್‌ಎ: ನಾಝಲ್ 190ರಿಂದ 220 ಡಿಗ್ರಿ, ತಟ್ಟೆ 50ರಿಂದ 60 ಡಿಗ್ರಿ. ಕಲಿಯುವವರಿಗೆ ಇದೇ ಸುಲಭ. ಆದರೆ ಸುಮಾರು 60 ಡಿಗ್ರಿಗೇ ಮೆತ್ತಗಾಗುತ್ತದೆ. ಪಿಎಲ್‌ಎಯಲ್ಲಿ ಮಾಡಿದ ಮೊಬೈಲ್ ಸ್ಟ್ಯಾಂಡನ್ನು ಏಪ್ರಿಲ್ ಬಿಸಿಲಿಗೆ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಬಿಟ್ಟರೆ ಸಂಜೆಗೆ ಬಾಗಿ ಮಲಗಿರುತ್ತದೆ. ಕಾರಿಗೆ, ತಾರಸಿಗೆ, ಬಿಸಿನೀರು ತಾಗುವ ಕಡೆಗೆ ಪಿಇಟಿಜಿ ಎಂಬ ಪ್ಲಾಸ್ಟಿಕ್ ಬೇಕು. ಅದರ ನಾಝಲ್ 230ರಿಂದ 250, ತಟ್ಟೆ 70ರಿಂದ 80 ಡಿಗ್ರಿ. ಎರಡನ್ನೂ ಹೇಳಿಕೊಡುವ ಕ್ಲಾಸು ಸಿಕ್ಕರೆ ಅದನ್ನೇ ಹಿಡಿಯಿರಿ. ಜೂನ್ ಬಂದ ಮೇಲೆ ಇನ್ನೊಂದು ತಾಪತ್ರಯ ಶುರುವಾಗುತ್ತದೆ. ಹೊರಗೆ ತೆರೆದಿಟ್ಟ ಫಿಲಮೆಂಟ್ ಗಾಳಿಯ ತೇವ ಕುಡಿದು, ನಾಝಲಿನಲ್ಲಿ ಚಟಪಟ ಎಂದು, ಪ್ರಿಂಟಿನ ತುಂಬ ಜೇಡರ ಬಲೆಯಂಥ ಎಳೆ ಬಿಡುತ್ತದೆ. ಪಿಎಲ್‌ಎಯನ್ನು 45ರಿಂದ 50 ಡಿಗ್ರಿಯಲ್ಲಿ ಐದಾರು ಗಂಟೆ ಒಣಗಿಸಿ, ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿಟ್ಟರೆ ಸರಿಹೋಗುತ್ತದೆ. ಮೇಕರ್‌ಸ್ಪೇಸಿನ ಕಪಾಟಿನಲ್ಲಿ ಫಿಲಮೆಂಟ್ ಸುರುಳಿಗಳು ಬರಿದೇ ನೇತಾಡುತ್ತಿದ್ದರೆ, ಮಳೆಗಾಲದಲ್ಲಿ ಅಲ್ಲಿ ಕ್ಲಾಸಿಗೆ ಸೇರಬೇಡಿ.

ಲೇಸರಿನ ಕಥೆ ಬೇರೆ. 3 ಮಿ.ಮೀ. ಪ್ಲೈವುಡ್ಡಿನಲ್ಲಿ ಸಣ್ಣ ಡಬ್ಬಿಯೊಂದರ ಆರೂ ಮೈ ಹತ್ತು ನಿಮಿಷದೊಳಗೆ ಕತ್ತರಿಸಿ ಬೀಳುತ್ತದೆ. 12 ಜನರ ಕ್ಲಾಸಿನಲ್ಲೂ ಪ್ರತಿಯೊಬ್ಬರೂ ತಮ್ಮದೇ ಚಿತ್ರ ಬರೆದು, ತಮ್ಮದೇ ವಸ್ತು ಹಿಡಿದು ಮನೆಗೆ ಹೋಗಬಹುದು. ಹಾಗಾಗಿ ಒಂದು ದಿನದ ಕಾರ್ಯಾಗಾರಕ್ಕೆ ಈ ಎರಡರಲ್ಲಿ ಲೇಸರ್ ಹೆಚ್ಚು ಹೊಂದುತ್ತದೆ. ಷರತ್ತು ಒಂದೇ: ಚಿತ್ರ ನೀವೇ ಬರೆಯಬೇಕು. ಚಿತ್ರ ಬರೆಯುವ ತಂತ್ರಾಂಶ ಇಂಕ್‌ಸ್ಕೇಪ್ ಉಚಿತವಾಗಿ ಸಿಗುತ್ತದೆ. ಹಿಂದಿನ ವಾರವೇ ಲ್ಯಾಪ್‌ಟಾಪಿಗೆ ಹಾಕಿಕೊಂಡು, ಒಂದು ಚೌಕ, ಒಂದು ವೃತ್ತ, ನಿಮ್ಮ ಹೆಸರಿನ ಅಕ್ಷರ ಬರೆದು ರೂಢಿ ಮಾಡಿಕೊಂಡು ಹೋದರೆ ಕ್ಲಾಸಿನ ಒಂದು ಗಂಟೆ ಉಳಿಯುತ್ತದೆ. ಕನ್ನಡ ಅಕ್ಷರ ಬಳಸುವವರು ಕಡೆಗೊಮ್ಮೆ ಅಕ್ಷರವನ್ನು ರೇಖೆಯಾಗಿ ಮಾರ್ಪಡಿಸಿ ಉಳಿಸಬೇಕು. ಇಲ್ಲದಿದ್ದರೆ ಅಲ್ಲಿಯ ಕಂಪ್ಯೂಟರಿನಲ್ಲಿ ನಿಮ್ಮ ಫಾಂಟ್ ಇರದೆ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿಯಾಗುತ್ತವೆ.

ಲೇಸರಿನಲ್ಲಿ ಕೈಕೊಡುವುದು ಅಳತೆ. ಅಂಗಡಿಯಲ್ಲಿ 3 ಮಿ.ಮೀ. ಎಂದು ಕೊಟ್ಟ ಪ್ಲೈವುಡ್ ವರ್ನಿಯರ್ ಹಿಡಿದರೆ 2.8 ಇರಬಹುದು, 3.3 ಕೂಡ ಇರಬಹುದು. ಲೇಸರ್ ಕಿರಣವೂ ತನ್ನ ದಾರಿಯಲ್ಲಿ 0.1ರಿಂದ 0.3 ಮಿ.ಮೀ. ಸುಟ್ಟು ತಿನ್ನುತ್ತದೆ. ಲೆಕ್ಕ ಹಾಕದೆ ಕತ್ತರಿಸಿದ ಡಬ್ಬಿ ಒಂದೋ ಕೂರುವುದೇ ಇಲ್ಲ, ಇಲ್ಲವೇ ಕೂತದ್ದು ಕಳಚಿ ಬೀಳುತ್ತದೆ. ಪರಿಹಾರ ಸುಲಭ. ಅದೇ ಹಾಳೆಯ ಮೂಲೆಯಲ್ಲಿ 2.6ರಿಂದ 3.3 ಮಿ.ಮೀ. ವರೆಗೆ 0.1 ಅಂತರದಲ್ಲಿ ಎಂಟು ಕಚ್ಚುಗಳುಳ್ಳ ಬಾಚಣಿಗೆಯಂಥ ಪಟ್ಟಿ ಕತ್ತರಿಸಿ. ತುಂಡೊಂದನ್ನು ಒಂದೊಂದಕ್ಕೂ ತೂರಿಸಿ. ಹೆಬ್ಬೆರಳಿನಿಂದ ಒತ್ತಿದರೆ ಕೂತು, ತಲೆಕೆಳಗೆ ಹಿಡಿದರೆ ಬೀಳದ ಕಚ್ಚಿನ ಅಳತೆಯೇ ನಿಮ್ಮ ಅಳತೆ. ಹಾಳೆ ಬದಲಾದರೆ ಮತ್ತೆ ಪಟ್ಟಿ ಕತ್ತರಿಸಲೇಬೇಕು.

ಪ್ಲೈವುಡ್ ನೀವೇ ತರಬೇಕೆಂದರೆ ಎಂಆರ್ (ಸಾಧಾರಣ ತೇವ ತಡೆಯುವ) ದರ್ಜೆಯದನ್ನೇ ಕೇಳಿ. ಗಟ್ಟಿಯಿರಲಿ ಎಂದು ನೀರಿಗೆ ತಡೆಯುವ 710 ದರ್ಜೆಯ ಮರೀನ್ ಪ್ಲೈ ತಂದರೆ ಅದರ ಫಿನಾಲ್ ಅಂಟು ಲೇಸರಿಗೆ ಜಗ್ಗದೆ ಕರಕಲಾಗುತ್ತದೆ. ಹಾಳೆ ಮಳೆಗಾಲದ ತೇವಕ್ಕೆ ಬಾಗಿದ್ದರೆ ಕಿರಣದ ಫೋಕಸ್ ತಪ್ಪಿ ಮಧ್ಯದಲ್ಲಿ ಕಡಿದು ಅಂಚಿನಲ್ಲಿ ಉಳಿಯುತ್ತದೆ. ನಾಲ್ಕು ಮೂಲೆಗೂ ಆಯಸ್ಕಾಂತ ಇಟ್ಟು ತಟ್ಟೆಗೆ ಒತ್ತಿಸಬೇಕು.

ಲೇಸರಿಗೆ ಯಾವತ್ತೂ ಹಾಕಬಾರದ್ದು ಪಿವಿಸಿ. ಅದು ಸುಟ್ಟಾಗ ಹೈಡ್ರೋಜನ್ ಕ್ಲೋರೈಡ್ ಅನಿಲ ಬರುತ್ತದೆ. ಶ್ವಾಸಕೋಶಕ್ಕೂ ಕೇಡು, ಯಂತ್ರದ ಕನ್ನಡಿ, ಹಳಿಗಳಿಗೂ ತುಕ್ಕು. ‘ನಮ್ಮದು ಪಿವಿಸಿ ಅಲ್ಲ’ ಎಂದುಕೊಂಡು ಜನ ತರುವ ರೆಕ್ಸಿನ್, ಫ್ಲೆಕ್ಸ್ ಬ್ಯಾನರು, ಬೋರ್ಡು ಬರೆಯುವವರ ಸನ್‌ಬೋರ್ಡು, ಬಹುಪಾಲು ಪಿವಿಸಿಯವೇ. ಅನುಮಾನ ಬಂದರೆ ಹೊರಗೆ ಗಾಳಿಯಲ್ಲಿ ನಿಂತು ತಾಮ್ರದ ತಂತಿಯನ್ನು ಕೆಂಪಗೆ ಕಾಯಿಸಿ, ಆ ಪ್ಲಾಸ್ಟಿಕ್ಕಿಗೆ ಮುಟ್ಟಿಸಿ, ಮತ್ತೆ ಉರಿಗೆ ಹಿಡಿಯಿರಿ; ಜ್ವಾಲೆ ಹಸಿರಾದರೆ ಕ್ಲೋರಿನ್ ಇದೆ, ತುಂಡನ್ನು ಪಕ್ಕಕ್ಕಿಡಿ. ಹೇಳಿಕೊಡುವವರು ಮೊದಲ ಹದಿನೈದು ನಿಮಿಷದಲ್ಲಿ ಪಿವಿಸಿಯ ಮಾತೆತ್ತದಿದ್ದರೆ, ಯಂತ್ರ ಓಡುತ್ತಿರುವಾಗ ಕೋಣೆ ಬಿಟ್ಟು ಹೋದರೆ, ಆ ಕ್ಲಾಸಿನ ಉಳಿದ ಪಾಠದ ಮೇಲೂ ನಂಬಿಕೆ ಇಡುವುದು ಕಷ್ಟ. ಇನ್ನೊಂದು ವಿಚಾರಣೆ: ಯಂತ್ರ ಸಿಒ2 ಲೇಸರೋ, ನೀಲಿ ಬೆಳಕಿನ ಡಯೋಡ್ ಲೇಸರೋ? ಡಯೋಡಿನದು ಪಾರದರ್ಶಕ ಅಕ್ರಿಲಿಕ್ ಕತ್ತರಿಸುವುದಿಲ್ಲ. ಬೆಳಕು ಅದರ ಮೂಲಕ ಹಾದುಹೋಗುತ್ತದೆ.

ಒಟ್ಟಿನಲ್ಲಿ ಮುರಿದ ಮಿಕ್ಸಿಯ ಗುಬುಟು, ಕಿಟಕಿಯ ಕೊಂಡಿ, ಅಂಗಡಿಯಲ್ಲಿ ಸಿಗದ ಬಿಡಿಭಾಗ ಬೇಕಾದವರಿಗೆ 3ಡಿ ಪ್ರಿಂಟಿಂಗ್. ನಾಮಫಲಕ, ಡಬ್ಬಿ, ಉಡುಗೊರೆ, ದಸರಾ ಗೊಂಬೆ ಕೂರಿಸುವ ಮೆಟ್ಟಿಲಿನ ಅಲಂಕಾರ ಬೇಕಾದವರಿಗೆ ಲೇಸರ್.

ಆರ್ಡುಯಿನೊಗೆ ಮುಂಚೆ ಬೆಸುಗೆ

ಎಲೆಕ್ಟ್ರಾನಿಕ್ಸ್ ಹೆಸರಿನಲ್ಲಿ ಎರಡು ಬಗೆಯ ಕ್ಲಾಸು ನಡೆಯುತ್ತವೆ: ಒಂದು ಬೆಸುಗೆ (ಸೋಲ್ಡರಿಂಗ್) ಮತ್ತು ರಿಪೇರಿ, ಇನ್ನೊಂದು ಆರ್ಡುಯಿನೊ. ಎರಡನೆಯದರ ಮುಂದೆ ಸಾಲು ಉದ್ದ. ನಾವು ಮೊದಲನೆಯದಕ್ಕೇ ಮೊದಲು ಹೋಗಿ ಎನ್ನುತ್ತೇವೆ. ಬೆಸುಗೆಯಿಲ್ಲದೆ ತಂತಿ ಸಿಕ್ಕಿಸುವ ಬ್ರೆಡ್‌ಬೋರ್ಡಿನ ಮೇಲೆ ಚುಚ್ಚಿ ಮಾಡಿದ್ದು ಮೇಜಿನ ಮೇಲೆ ಕೆಲಸ ಮಾಡುತ್ತದೆ. ಚೀಲಕ್ಕೆ ಹಾಕಿ ಮನೆಗೆ ತರುವಷ್ಟರಲ್ಲಿ ನಾಲ್ಕು ತಂತಿ ಕಳಚಿರುತ್ತವೆ. ಬೆಸುಗೆ ಬಾರದವರ ಆರ್ಡುಯಿನೊ ಕ್ಲಾಸಿನ ಮೇಜಿನಲ್ಲೇ ಉಳಿದುಬಿಡುತ್ತದೆ.

ಬೆಸುಗೆ ಒಂದು ಮಧ್ಯಾಹ್ನದಲ್ಲಿ ಕೈಗೆ ಹತ್ತುವ ವಿದ್ಯೆ. 60/40 ತವರ-ಸೀಸದ ತಂತಿ 183 ಡಿಗ್ರಿಯಲ್ಲಿ ಕರಗಲು ಶುರುವಾಗಿ 190ರ ಸುಮಾರಿಗೆ ಪೂರ್ತಿ ನೀರಾಗುತ್ತದೆ. ಐರನಿನ ತುದಿ 320ರಿಂದ 350 ಡಿಗ್ರಿ ಇರಲಿ. ತುದಿಯನ್ನು ಒದ್ದೆ ಸ್ಪಂಜಿಗೆ ಒರೆಸಿ, ಚೂರು ತವರ ಹಚ್ಚಿ ಹೊಳೆಯುವಂತೆ ಮಾಡಿಕೊಳ್ಳಿ. ಬೋರ್ಡಿನ ತಾಮ್ರದ ಬಿಲ್ಲೆಗೂ ಬಿಡಿಭಾಗದ ಕಾಲಿಗೂ ಒಟ್ಟಿಗೆ ತಾಗುವಂತೆ 2 ಸೆಕೆಂಡು ಹಿಡಿಯಿರಿ. ಆಮೇಲೆ ತವರದ ತಂತಿಯನ್ನು ಎದುರು ಬದಿಯಿಂದ ಆ ಸಂಧಿಗೆ ಮುಟ್ಟಿಸಿ, ಐರನಿಗಲ್ಲ. ಮೊದಲು ತವರ ತೆಗೆಯಿರಿ, ನಂತರ ಐರನ್. 2 ಸೆಕೆಂಡು ಅಲುಗಿಸದೆ ಬಿಡಿ. ಒಳ್ಳೆಯ ಬೆಸುಗೆ ಸಣ್ಣ ಗುಡ್ಡದ ಹಾಗೆ ಇಳಿಜಾರಾಗಿ ಹೊಳೆಯುತ್ತದೆ. ಕೆಟ್ಟದ್ದು ಮಂಕಾಗಿ, ನೀರಿನ ಹನಿಯಂತೆ ಗುಂಡಗೆ ಕೂತಿರುತ್ತದೆ. ಕಾಲು ಕಾಯದೆ ತವರವಷ್ಟೇ ಕಾದದ್ದರ ಗುರುತು ಅದು. ಇಂಥ 50 ಸಂಧಿಯನ್ನಾದರೂ ಮಾಡಿಸದ ಕ್ಲಾಸು ಬೆಸುಗೆಯ ಕ್ಲಾಸಲ್ಲ. ತವರದಲ್ಲಿ ಸೀಸ ಇರುವುದರಿಂದ ಊಟ ತಿಂಡಿಗೆ ಮುಂಚೆ ಸೋಪು ಹಾಕಿ ಕೈ ತೊಳೆಯಲೇಬೇಕು, ಮಕ್ಕಳಿಗಂತೂ ಮರೆಯದೆ ಹೇಳಿ.

ಆರ್ಡುಯಿನೊ ಕ್ಲಾಸಿನಲ್ಲಿ ಕೇಳಬೇಕಾದ್ದು: ಲೆಕ್ಕ ಹೇಳಿಕೊಡುತ್ತೀರಾ, ಇಲ್ಲಾ ತಂತಿ ಚುಚ್ಚುವ ಚಿತ್ರ ಕೊಡುತ್ತೀರಾ? ಕೆಂಪು ಎಲ್‌ಇಡಿಗೆ 220 ಓಮ್ ರೆಸಿಸ್ಟರ್ ಏಕೆ ಎಂದರೆ, 5 ವೋಲ್ಟಿನಲ್ಲಿ ಎಲ್‌ಇಡಿ ಸುಮಾರು 2 ವೋಲ್ಟ್ ಇಟ್ಟುಕೊಂಡು ಉಳಿದ 3 ವೋಲ್ಟನ್ನು 220ರಿಂದ ಭಾಗಿಸಿದರೆ 13.6 ಮಿಲಿಆಂಪ್, ಆರ್ಡುಯಿನೊ ಊನೊ ಆರ್3 ಬೋರ್ಡಿನ ಒಂದು ಪಿನ್ನಿಗೆ ಸಲೀಸಾದ 20ಕ್ಕಿಂತ ಕಡಿಮೆ. ಈ ಒಂದು ಸಾಲಿನ ಲೆಕ್ಕ ಬಂದವರು ಮುಂದೆ ತಾವೇ ಬೋರ್ಡು ಸುಡದೆ ಕಲಿಯುತ್ತಾರೆ. ಇಎಸ್‌ಪಿ32 ಎಂಬ ವೈಫೈ ಇರುವ ಬೋರ್ಡು ಕೊಡುವ ಕ್ಲಾಸಾದರೆ ಅದರ ಪಿನ್ನು 3.3 ವೋಲ್ಟಿನವು, 5 ವೋಲ್ಟಿನ ಸೆನ್ಸರಿನ ಸಂಕೇತ ನೇರ ಕೊಟ್ಟರೆ ಹಾಳಾಗುತ್ತವೆ ಎಂಬುದನ್ನು ಮೊದಲೇ ಹೇಳಬೇಕು.

ಮಂಡ್ಯದ ಕಡೆಯಿಂದ ಈ ಕ್ಲಾಸಿಗೆ ಬರುವವರಲ್ಲಿ ಅನೇಕರ ಮನಸ್ಸಿನಲ್ಲಿ ಇರುವುದು ಒಂದೇ: ಕಬ್ಬಿನ ಗದ್ದೆಯ ಪಂಪ್‌ಸೆಟ್ಟನ್ನು ಮೊಬೈಲಿನಿಂದ ಆನ್ ಮಾಡಬೇಕು. ರಾತ್ರಿ ಪಾಳಿಯಲ್ಲಿ ಕರೆಂಟು ಬಂದಾಗ ಗದ್ದೆಗೆ ನಡೆದು ಹೋಗುವ ಕಷ್ಟ ಗೊತ್ತಿದ್ದವರಿಗೆ ಈ ಆಸೆ ಸಹಜ. ಆದ್ದರಿಂದ ಇದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು. ಕ್ಲಾಸಿನಲ್ಲಿ ರಿಲೇ (ಬೋರ್ಡಿನ ಸಂಕೇತಕ್ಕೆ ಆನ್-ಆಫ್ ಆಗುವ ಸ್ವಿಚ್ಚು) ಮಾಡ್ಯೂಲಿಗೆ ಬಲ್ಬು ಕಟ್ಟಿ ತೋರಿಸುತ್ತಾರೆ. ಆ ನೀಲಿ ರಿಲೇ ಮೇಲೆ 10 ಆಂಪ್ಸ್, 250 ವೋಲ್ಟ್ ಎಂದು ಬರೆದಿರುತ್ತದೆ. 5 ಎಚ್‌ಪಿ ತ್ರೀ ಫೇಸ್ ಮೋಟಾರು ಓಡುವಾಗ ಎಳೆಯುವುದು ಸುಮಾರು 7ರಿಂದ 8 ಆಂಪ್ಸ್, ಹಾಗಾದರೆ ಸಾಕಲ್ಲ ಎನಿಸುತ್ತದೆ. ಸಾಲದು. ಮೋಟಾರು ಎದ್ದೇಳುವಾಗ ಅದರ ಐದಾರು ಪಟ್ಟು ಎಳೆಯುತ್ತದೆ. ರಿಲೇಯ ಒಳಗಿನ ತುಟಿಗಳು ಬೆಸೆದುಕೊಂಡು ಮೋಟಾರು ಆಫ್ ಆಗುವುದೇ ಇಲ್ಲ. ಮೋಟಾರನ್ನು ಎತ್ತುವ ಕೆಲಸ ಸ್ಟಾರ್ಟರಿನ ಕಾಂಟ್ಯಾಕ್ಟರಿನದೇ (ಮೋಟಾರಿಗೆಂದೇ ಇರುವ ದೊಡ್ಡ ರಿಲೇಯದೇ) ಆಗಿರಬೇಕು. ನಿಮ್ಮ ರಿಲೇ ಆ ಕಾಂಟ್ಯಾಕ್ಟರನ್ನು ಎಳೆದು ಕೂಡಿಸುವ ಕಾಯಿಲನ್ನಷ್ಟೇ ಮುಟ್ಟಬೇಕು.

ಅಲ್ಲೂ ಒಂದು ತೊಡಕು ಇದೆ. ತೋಟದ ಎಷ್ಟೋ ಸ್ಟಾರ್ಟರುಗಳ ಕಾಯಿಲ್ 415 ವೋಲ್ಟಿನದು, ಎರಡು ಫೇಸಿನ ನಡುವೆ ಕೂತಿರುತ್ತದೆ. 250 ವೋಲ್ಟಿನ ರಿಲೇಗೆ ಅದು ಮೀರಿದ ಮಾತು. ಕಾಯಿಲ್ ಎಷ್ಟು ವೋಲ್ಟಿನದು ಎಂದು ಅದರ ಮೈಮೇಲೆಯೇ ಬರೆದಿರುತ್ತದೆ. 415 ಇದ್ದರೆ 415 ತಡೆಯುವ ಇನ್ನೊಂದು ಸಣ್ಣ ಕಾಂಟ್ಯಾಕ್ಟರನ್ನು ನಡುವೆ ಹಾಕಬೇಕಾಗುತ್ತದೆ. ಸಂಪರ್ಕದ ಕ್ರಮ ಹೀಗೆ: ಹಸಿರು ಸ್ಟಾರ್ಟ್ ಬಟನ್ನಿಗೆ ಸಮಾಂತರವಾಗಿ ಒಂದು ರಿಲೇ, 1 ಸೆಕೆಂಡು ಮಾತ್ರ ಕೂಡುವಂಥದ್ದು, ಕೆಂಪು ಸ್ಟಾಪ್ ಬಟನ್ನಿನ ಸಾಲಿನಲ್ಲಿ ಇನ್ನೊಂದು, ಸದಾ ಕೂಡಿದ್ದು ಆಜ್ಞೆ ಬಂದಾಗ ಬಿಡುವಂಥದ್ದು. ಹೀಗೆ ಮಾಡಿದರೆ ನಿಮ್ಮ ಸರ್ಕೀಟು ಸತ್ತರೂ ಕೈಯಿಂದ ಒತ್ತುವ ಬಟನ್ನು ಮೊದಲಿನಂತೆಯೇ ಕೆಲಸ ಮಾಡುತ್ತದೆ. ಓವರ್‌ಲೋಡ್ ರಿಲೇ, ಸಿಂಗಲ್ ಫೇಸ್ ಆದಾಗ ತಡೆಯುವ ಸಾಧನ ಇವನ್ನು ತಪ್ಪಿಸಿ ತಂತಿ ಎಳೆಯಲೇಬಾರದು. ಕಾಯಿಲ್ ಸುಟ್ಟ ಮೋಟಾರನ್ನು ಬೋರ್‌ವೆಲ್ಲಿನಿಂದ ಎತ್ತಿಸುವ ಖರ್ಚು ಎಷ್ಟೆಂದು ರೈತರಿಗೆ ಹೇಳಬೇಕಾಗಿಲ್ಲ. ಮೇಕರ್‌ಸ್ಪೇಸಿನಲ್ಲಿ ಕಲಿಯಬಹುದಾದ್ದು 5 ವೋಲ್ಟಿನ ಭಾಗ, ಮೊಬೈಲ್ ಆಜ್ಞೆಯ ಭಾಗ. 415 ವೋಲ್ಟ್ ಮುಟ್ಟಿದರೆ ಪ್ರಾಣಕ್ಕೇ ಅಪಾಯ. ಸ್ಟಾರ್ಟರ್ ಡಬ್ಬಿಯೊಳಗಿನ ಕೆಲಸ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನರದು. ‘ಒಂದೇ ದಿನದಲ್ಲಿ ಪಂಪ್‌ಸೆಟ್ ಆಟೊಮೇಷನ್’ ಎಂದು ಯಾರಾದರೂ ಹೇಳಿದರೆ ಕಾಯಿಲ್ ವೋಲ್ಟೇಜಿನ ಪ್ರಶ್ನೆ ಕೇಳಿ ನೋಡಿ. ಉತ್ತರ ತಡವರಿಸಿದರೆ ಬೇರೆ ಕಡೆ ನೋಡಿ.

ಮಣ್ಣಿನ ತೇವ ಅಳೆಯುವ ಸೆನ್ಸರ್ ಮಾಡಿಸುವ ಕ್ಲಾಸಾದರೆ, ಎರಡು ಕಡ್ಡಿಯ ಅಗ್ಗದ ಸೆನ್ಸರ್ ಕೊಡುತ್ತಾರೋ, ಲೋಹ ಮಣ್ಣಿಗೆ ತಾಗದ ಕೆಪಾಸಿಟಿವ್ ಬಗೆಯದನ್ನೋ ವಿಚಾರಿಸಿ. ಮೊದಲನೆಯದು ಮಣ್ಣಿನಲ್ಲಿ ಕರೆಂಟು ಹರಿದು ಕೆಲವೇ ವಾರದಲ್ಲಿ ತಾಮ್ರ ಕರಗಿ ಸುಳ್ಳು ಅಳತೆ ಕೊಡತೊಡಗುತ್ತದೆ.

ಮರಗೆಲಸ

ಮೈಸೂರಿನಲ್ಲಿ ಕೈಕಸುಬು ಕಲಿಸುವ ಶಾಲೆ ಹೊಸ ಸಂಗತಿಯಲ್ಲ. ಚಾಮರಾಜೇಂದ್ರ ತಾಂತ್ರಿಕ ಶಾಲೆ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ್ದು. ಇಂದಿನ ದೃಶ್ಯಕಲಾ ಕಾಲೇಜು ಕಾವಾ ಅದರದೇ ಮುಂದುವರಿಕೆ. ಬೀಟೆ ಮರದ ಇನ್ಲೇ ಕೆಲಸಕ್ಕೆ (ಮರ ಕೊರೆದು ಬೇರೆ ಬಣ್ಣದ ಮರದ ಚೂರು ಕೂರಿಸುವುದಕ್ಕೆ) ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ಇಂಥ ಊರಿನ ಮೇಕರ್‌ಸ್ಪೇಸಿನಲ್ಲಿ ಮರಗೆಲಸದ ಕ್ಲಾಸು ಇದ್ದರೆ ಅದನ್ನು ಕಡೆಗಣಿಸಬೇಡಿ. ಕೈನಿಮಿಷದ ಲೆಕ್ಕದಲ್ಲಿ ಇದಕ್ಕೂ ಹೊಲಿಗೆಗೂ ಸಾಟಿಯಿಲ್ಲ: ಕ್ಲಾಸಿನ ಬಹುಪಾಲು ಹೊತ್ತು ಉಪಕರಣ ನಿಮ್ಮ ಮುಷ್ಟಿಯಲ್ಲೇ ಇರುತ್ತದೆ.

ಆರಿಸುವಾಗ ನೋಡಬೇಕಾದ ಮೊದಲ ಗುರುತು ಸಾಣೆ. ಉಳಿಯನ್ನು ಹರಿತ ಮಾಡಲು ಕಲಿಸದ ಕ್ಲಾಸಿನಲ್ಲಿ ಕಲಿತದ್ದು ಮನೆಗೆ ಬಂದ ಎರಡನೆಯ ವಾರಕ್ಕೆ ಮೊಂಡಾಗುತ್ತದೆ. ಉಳಿಯ ಇಳಿಜಾರು 25 ಡಿಗ್ರಿ, ಬಾಯಿಯ ತುದಿಯಲ್ಲಿ 30 ಡಿಗ್ರಿ. 1000 ಗ್ರಿಟ್ಟಿನ ಕಲ್ಲಿನ ಮೇಲೆ ನೀರು ಹಾಕಿ ಉಜ್ಜಿ, ಹಿಂಬದಿಯಲ್ಲಿ ಬೆರಳಿಗೆ ಸಣ್ಣ ಏಣು ಹತ್ತುವವರೆಗೆ ಬಿಡಬಾರದು. ಆಮೇಲೆ ಬೆನ್ನನ್ನು ಚಪ್ಪಟೆಯಾಗಿಟ್ಟು ಆ ಏಣು ತೆಗೆಯಬೇಕು. ಹರಿತವಾದ ಉಳಿ ಸಿಲ್ವರ್ ಓಕಿನ ಅಡ್ಡ ಎಳೆಯನ್ನು ಪುಡಿ ಮಾಡದೆ ಸಣ್ಣ ಸುರುಳಿಯಾಗಿ ಸುಲಿಯುತ್ತದೆ. ಅಷ್ಟು ಬಂದ ಮೇಲೆ ಮೂಲೆಮಟ್ಟ ಹಿಡಿದು ಪೆನ್ಸಿಲಿನ ಬದಲು ಚಾಕುವಿನಿಂದ ಗೆರೆ ಎಳೆಯುವುದು, ಗರಗಸವನ್ನು ಗೆರೆಯ ಹೊರಬದಿಯಲ್ಲಿ ಓಡಿಸುವುದು, ಹತ್ತರಿ ಹೊಡೆಯುವುದು. ಮೊದಲ ದಿನವೇ ಕುರ್ಚಿ ಮಾಡಿಸುತ್ತೇವೆ ಎನ್ನುವವರು ಕೊಡುವುದು ಮೊದಲೇ ಕತ್ತರಿಸಿಟ್ಟ ತುಂಡುಗಳು ಮತ್ತು ಸ್ಕ್ರೂ ಬಿಗಿಯುವ ಕೆಲಸ.

ಕಲಿಕೆಗೆ ಸಿಲ್ವರ್ ಓಕ್ ಸಾಕು. ಕೊಡಗಿನ ಕಾಫಿ ತೋಟಗಳ ನೆರಳಿನ ಮರ, ತೇಗಕ್ಕಿಂತ ಎಷ್ಟೋ ಅಗ್ಗ. ಸಾ ಮಿಲ್ಲಿನಿಂದ ಹಸಿ ಹಲಗೆ ತಂದು ಅಂದೇ ಜೋಡಿಸಿದರೆ ಬೇಸಿಗೆಗೆ ಒಣಗಿ, ಕುಗ್ಗಿ, ಕೂಡಿಸಿದ ಕಡೆಯೇ ಬಿರಿಯುತ್ತದೆ. ತೇವಾಂಶ ಶೇ 12ರ ಆಸುಪಾಸಿಗೆ ಇಳಿದ ಹಲಗೆ ಬೇಕು. ಅಳೆಯುವ ಮೀಟರು ಮೇಕರ್‌ಸ್ಪೇಸಿನಲ್ಲಿ ಇದೆಯೇ ಕೇಳಿ.

ಇನ್ಲೇ ಕಾರ್ಯಾಗಾರಗಳಲ್ಲಿ ಒಂದು ಪ್ರಶ್ನೆ ಸಾಕು: ಬಣ್ಣದ ಮರದ ಚೂರನ್ನು ಸಣ್ಣ ಗರಗಸದಿಂದ ನಾನೇ ಕತ್ತರಿಸುತ್ತೇನೋ, ಲೇಸರಿನಲ್ಲಿ ಕತ್ತರಿಸಿದ್ದನ್ನು ಅಂಟಿಸುತ್ತೇನೋ? ಎರಡನೆಯದು ಮಕ್ಕಳಿಗೆ ಒಳ್ಳೆಯ ಮಧ್ಯಾಹ್ನ. ಕಸುಬಿನ ರುಚಿ ಬೇಕಾದವರು ಮೊದಲನೆಯದನ್ನು ಹುಡುಕಿ. ಚನ್ನಪಟ್ಟಣದ ಮಾದರಿಯಲ್ಲಿ ಲೇತಿನ ಮೇಲೆ ಆಲೆ ಮರ ತಿರುಗಿಸಿ, ಅರಗಿನ ಕಡ್ಡಿ ಒತ್ತಿ, ಉಜ್ಜಿದ ಬಿಸಿಗೇ ಬಣ್ಣ ಕರಗಿ ಹತ್ತುವಂತೆ ಮಾಡುವ ಕ್ಲಾಸು ಸಿಕ್ಕರೆ ಸೇರಿ. ಆದರೆ ಸೆರಗು, ದುಪಟ್ಟಾ, ಉದ್ದ ತೋಳು, ಬಳೆ, ಬಿಟ್ಟ ಕೂದಲು ಯಾವುದೂ ಲೇತಿನ ಹತ್ತಿರ ಸುಳಿಯಬಾರದು. ತಿರುಗುವ ಯಂತ್ರದ ಮುಂದೆ ಕೈಗವಸೂ ಬೇಡ. ಎಳೆ ಸಿಕ್ಕಿದರೆ ಕೈಯನ್ನೇ ಎಳೆದುಕೊಳ್ಳುತ್ತದೆ.

ಹೊಲಿಗೆ, ವೆಲ್ಡಿಂಗ್

ಹೊಲಿಗೆ ಕ್ಲಾಸನ್ನು ಮೇಕರ್‌ಸ್ಪೇಸಿನಲ್ಲಿ ಹಗುರವಾಗಿ ನೋಡುವವರಿದ್ದಾರೆ, ಅದು ತಪ್ಪು. ಅಭ್ಯಾಸಕ್ಕೆ ಬೇಕಾದ ಯಂತ್ರ ಎಷ್ಟೋ ಮನೆಗಳಲ್ಲಿ ಮೊದಲೇ ಇದೆ, ಹಾಗಾಗಿ ನಮ್ಮ ಎರಡನೆಯ ಅಳತೆಯಲ್ಲಿ ಇದೇ ಮುಂದೆ. ತಲೆಗೊಂದು ಯಂತ್ರ ಇದೆಯೇ ಎಂದಷ್ಟೇ ನೋಡಿ. ಬಟ್ಟೆಯ ಕೆಳಗೆ ದಾರ ಗಂಟುಗಂಟಾಗಿ ಬಂದರೆ ಎಲ್ಲರೂ ಬಾಬಿನ್ನನ್ನು ದೂರುತ್ತಾರೆ. ಸಾಮಾನ್ಯವಾಗಿ ದೋಷ ಮೇಲಿನ ದಾರದ್ದು. ಒತ್ತುಪಾದ ಇಳಿಸಿಟ್ಟೇ ದಾರ ಪೋಣಿಸಿದ್ದರಿಂದ ಅದು ಟೆನ್ಷನ್ ಬಿಲ್ಲೆಗಳ ನಡುವೆ ಕೂತಿರುವುದಿಲ್ಲ. ಪಾದ ಎತ್ತಿ ಮತ್ತೆ ಪೋಣಿಸಿ. ರೇಷ್ಮೆಗೆ 11, ಹತ್ತಿಗೆ 14, ಜೀನ್ಸಿಗೆ 16 ನಂಬರಿನ ಸೂಜಿ. ಕ್ಲಾಸಿಗೆ ಒಯ್ಯುವ ಹತ್ತಿ ಬಟ್ಟೆಯನ್ನು ಹಿಂದಿನ ದಿನವೇ ನೆನೆಸಿ ಒಣಗಿಸಿ. ಶೇ 3 ಕುಗ್ಗಿದರೂ 1 ಮೀಟರಿಗೆ 3 ಸೆಂ.ಮೀ. ಹೋಯಿತು.

ವೆಲ್ಡಿಂಗ್ ಬೇಕಾಗುವುದು ಗೇಟು, ನೇಗಿಲು, ಟ್ರೇಲರಿನ ಕೊಂಡಿ ಇರುವವರಿಗೆ. 6013 ರಾಡಿನ 2.5 ಮಿ.ಮೀ. ಅಳತೆಗೆ 60ರಿಂದ 90 ಆಂಪ್ಸ್, 3.15ಕ್ಕೆ 90ರಿಂದ 130. ತಲೆಗೆ 20 ರಾಡಾದರೂ ಉರಿಸಲು ಸಿಗದಿದ್ದರೆ ಗೆರೆ ನೇರ ಬರುವುದಿಲ್ಲ. ಮುಖವಾಡಕ್ಕೆ 10ನೇ ಶೇಡಿನ ಕಪ್ಪು ಗಾಜು ಕನಿಷ್ಠ. ಪಕ್ಕದಲ್ಲಿ ನಿಂತು ನೋಡುವವರಿಗೂ ಬೇಕು, ಇಲ್ಲದಿದ್ದರೆ ರಾತ್ರಿ ಕಣ್ಣಿಗೆ ಮರಳು ಬಿದ್ದ ಹಾಗೆ ಉರಿ. ಪಾಲಿಯೆಸ್ಟರ್ ಬಟ್ಟೆ ಕಿಡಿಗೆ ಕರಗಿ ಚರ್ಮಕ್ಕೆ ಅಂಟುತ್ತದೆ, ದಪ್ಪ ಹತ್ತಿಯದನ್ನೇ ಹಾಕಿ. ಜಿಐ ಪೈಪಿನ ಸತುವಿನ ಹೊಗೆ ಜ್ವರ ತರುತ್ತದೆ; ಅದನ್ನು ಅಭ್ಯಾಸಕ್ಕೆ ಕೊಡುವ ಕಡೆ ನಿಲ್ಲಬೇಡಿ.

ಒಂದು ದಿನವೋ, ಆರು ವಾರವೋ

ಒಂದು ದಿನದ ಕ್ಲಾಸು ರುಚಿ ನೋಡಲು. ಲೇಸರ್, ಬೆಸುಗೆ ಒಂದು ದಿನಕ್ಕೆ ಹೊಂದುತ್ತವೆ. ಮರಗೆಲಸ, ಹೊಲಿಗೆ, ಆರ್ಡುಯಿನೊ, 3ಡಿ ಚಿತ್ರ ಬರೆಯುವುದು ವಾರಕ್ಕೊಂದರಂತೆ ಆರು ವಾರವಾದರೂ ಬೇಕು. ಎರಡು ಕ್ಲಾಸಿನ ನಡುವೆ ಮನೆಯಲ್ಲಿ ತಪ್ಪು ಮಾಡಲು ಸಮಯ ಸಿಗಬೇಕು. ಮಂಡ್ಯದಿಂದ ಮೈಸೂರಿಗೆ ಸುಮಾರು 45 ಕಿ.ಮೀ.; ಬಸ್ಸೋ ರೈಲೋ ಹಿಡಿದು ಹೋಗಿಬರುವ ಹೊತ್ತು ಸೇರಿಸಿದರೆ 2 ಗಂಟೆಯ ಆರು ಕ್ಲಾಸಿಗಿಂತ 4 ಗಂಟೆಯ ಮೂರು ಭಾನುವಾರ ಲೇಸು. ಹಾಗೆ ಹೊಂದಿಸಿ ಕೊಡಿ ಎಂದು ಕೇಳಲು ಸಂಕೋಚ ಬೇಡ.

ಮಕ್ಕಳನ್ನು ಆರ್ಡುಯಿನೊ ಕ್ಲಾಸಿಗೆ ಸೇರಿಸುವ ಮೊದಲು ಅವರ ಶಾಲೆಯಲ್ಲೇ ಅಟಲ್ ಟಿಂಕರಿಂಗ್ ಲ್ಯಾಬ್ ಇದೆಯೇ ವಿಚಾರಿಸಿ. 6ರಿಂದ 12ನೇ ತರಗತಿಯವರಿಗೆಂದೇ ಇರುವ ಆ ಲ್ಯಾಬಿನಲ್ಲಿ ಇದೇ ಬೋರ್ಡು, ಇದೇ ಪ್ರಿಂಟರು ಇರುತ್ತವೆ. ಇನ್ನು ಹೊಲಿಗೆಯನ್ನೋ ವೆಲ್ಡಿಂಗನ್ನೋ ಜೀವನೋಪಾಯ ಮಾಡಿಕೊಳ್ಳಬೇಕೆಂದವರು ಮೇಕರ್‌ಸ್ಪೇಸಿಗೆ ಹಣ ಕಟ್ಟುವ ಮುಂಚೆ ಗ್ರಾಮೀಣ ಸ್ವ ಉದ್ಯೋಗ ತರಬೇತಿ ಸಂಸ್ಥೆಗಳ ಕಡೆ ನೋಡಿ. ಅಲ್ಲಿ ಊಟ ವಸತಿ ಸಮೇತ ತರಬೇತಿ ಉಚಿತ. ಯಂತ್ರಗಳ ಕೆಲಸವೇ ವೃತ್ತಿ ಎಂದುಕೊಂಡವರಿಗೆ ಐಟಿಐ, ಸರ್ಕಾರಿ ಟೂಲ್‌ರೂಮ್ ತರಬೇತಿ ಕೇಂದ್ರ (ಜಿಟಿಟಿಸಿ) ಇವೆ.

ಸೇರುವ ದಿನ ಫೋನಿನಲ್ಲಿ ಕೇಳಿ ಬರೆದುಕೊಳ್ಳಿ: ಎಷ್ಟು ಜನ, ಎಷ್ಟು ಉಪಕರಣ? ಸಾಮಗ್ರಿ ಶುಲ್ಕದಲ್ಲಿ ಸೇರಿದೆಯೇ, ಕೆಟ್ಟುಹೋದರೆ ಎರಡನೆಯ ತುಂಡಿಗೆ ಎಷ್ಟು? ಕ್ಲಾಸಿನ ನಂತರ ಯಾವ ವಾರ, ಎಷ್ಟು ಗಂಟೆ, ಗಂಟೆಗೆ ಎಷ್ಟು ಕೊಟ್ಟು ಯಂತ್ರ ಬಳಸಬಹುದು? ಆಗ ಪಕ್ಕದಲ್ಲಿ ಗೊತ್ತಿದ್ದವರು ಒಬ್ಬರಾದರೂ ಇರುತ್ತಾರೆಯೇ? 1,200 ರೂಪಾಯಿಯ ಕ್ಲಾಸಿನಲ್ಲಿ 10 ಕೈನಿಮಿಷ ಸಿಕ್ಕರೆ ನಿಮಿಷಕ್ಕೆ 120 ರೂಪಾಯಿ. 1,800 ರೂಪಾಯಿಯದರಲ್ಲಿ 120 ನಿಮಿಷ ಸಿಕ್ಕರೆ 15 ರೂಪಾಯಿ.

ಕ್ಲಾಸಿಗೆ ಹೋಗುವಾಗ ಮುಚ್ಚಿದ ಚಪ್ಪಲಿ ಅಥವಾ ಶೂ, ಹತ್ತಿ ಬಟ್ಟೆ, ಸ್ಟೀಲ್ ಸ್ಕೇಲು, ನೋಟ್‌ಬುಕ್ಕು ಇರಲಿ. ಮುಗಿಸಿ ಹೊರಡುವ ಮುಂಚೆ ಮುಂದಿನ ಭಾನುವಾರಕ್ಕೆ ಅದೇ ಯಂತ್ರದಲ್ಲಿ 2 ಗಂಟೆ ಕಾದಿರಿಸಿ ಬನ್ನಿ. ಅಂದು ಹೋಗಿ, ಮೊದಲ ದಿನ ಮಾಡಿದ ಅದೇ ವಸ್ತುವನ್ನು ಯಾರೂ ಹೇಳಿಕೊಡದೆ ಇನ್ನೊಮ್ಮೆ ಮಾಡಿ. ಎಲ್ಲಿ ಕೈ ನಿಂತುಹೋಯಿತೋ ಆ ಜಾಗವನ್ನು ನೋಟ್‌ಬುಕ್ಕಿನಲ್ಲಿ ಗುರುತು ಮಾಡಿಕೊಂಡು ಹೇಳಿಕೊಡುವವರ ಹತ್ತಿರ ಹೋಗಿ.